ಸಿಯೇನಾದ ಪಾಲಿಯೋ ನೋಡಲು ಹೋಗುವವರಿಗೆ: ನಾಲ್ಕು ದಿನ ಮೊದಲೇ ಹೋಗಿ, ಒಂದು ಕೇರಿ ಹಿಡಿಯಿರಿ

ಇಟಲಿಯ ಸಿಯೇನಾದಲ್ಲಿ ನಡೆಯುವ ಪಾಲಿಯೋ ಕುದುರೆ ಓಟ ನೋಡುವ ಆಸೆ ಇದ್ದರೆ ಮೊದಲು ಒಂದು ಮಾತು. ಜುಲೈ 2ರ ಬೆಳಿಗ್ಗೆ ಬಸ್ಸಿಳಿದು, ಸಂಜೆ ಓಟ ನೋಡಿ, ರಾತ್ರಿಯೇ ಫ್ಲಾರೆನ್ಸ್‌ಗೆ ವಾಪಸ್ ಹೋಗುವ ಲೆಕ್ಕ ಹಾಕಬೇಡಿ. ಹಾಗೆ ಹೋದವರಿಗೆ ಸಿಗುವುದು ಒಂದೂವರೆ ನಿಮಿಷದ ಓಟ, ಅದೂ ಯಾರದೋ ಹೆಗಲ ಮೇಲಿಂದ. ನಾನು ಮೊದಲ ಸಲ ಹಾಗೇ ನೋಡಿದ್ದೆ. ಸುತ್ತಲಿದ್ದ ಗಟ್ಟಿ ಗಂಡಸರು ಯಾಕೆ ಬಿಕ್ಕಿ ಬಿಕ್ಕಿ ಅಳುತ್ತಿದ್ದಾರೆ ಅಂತ ನನಗೆ ಅರ್ಥವೇ ಆಗಲಿಲ್ಲ. ಎರಡನೇ ಸಲ ಜೂನ್ 29ಕ್ಕೇ ಹೋಗಿ ಒಂದು ಕೇರಿಯಲ್ಲಿ ಕೋಣೆ ಹಿಡಿದು ಉಳಿದೆ. ಆಗ ಗೊತ್ತಾಯಿತು. ಓಟ ಅನ್ನುವುದು ಆ ನಾಲ್ಕು ದಿನದ ಕೊನೆಯ ಒಂದು ತುಣುಕು, ಅಷ್ಟೇ.

ಪಾಲಿಯೋ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಜುಲೈ 2ರದ್ದು ಪ್ರೊವೆಂಜಾನೋದ ಮಾತೆ ಮೇರಿಯ ಹೆಸರಿನಲ್ಲಿ, ಆಗಸ್ಟ್ 16ರದ್ದು ಮೇರಿಯ ಸ್ವರ್ಗಾರೋಹಣದ ಹಬ್ಬಕ್ಕೆ. ವಾರ ಯಾವುದೇ ಇರಲಿ, ತಾರೀಖು ಇದೇ. ಊರ ನಡುವಿನ ಕಾಂಪೋ ಮೈದಾನದ ಸುತ್ತ ಕುದುರೆ ಓಡಿಸುವ ಈ ಪದ್ಧತಿ 17ನೇ ಶತಮಾನದ್ದು. ಆಗಸ್ಟ್ ಓಟ 1701ರಲ್ಲಿ ಸೇರಿಕೊಂಡಿತು. ಅದಕ್ಕೂ ಮೊದಲು ಊರಿನ ಬೀದಿಗಳ ಉದ್ದಕ್ಕೆ ಕುದುರೆ ಓಡಿಸುತ್ತಿದ್ದರು. ಇತ್ತೀಚೆಗೆ ನಿಂತಿದ್ದು ಕೊರೊನಾ ಕಾಲದಲ್ಲಿ, 2020 ಮತ್ತು 2021ರಲ್ಲಿ.

ಕೇರಿ ಅಂದರೆ ಏನು

ಹಳೇ ಸಿಯೇನಾ ಊರು 17 ಭಾಗಗಳಾಗಿ ಹಂಚಿಹೋಗಿದೆ. ಒಂದೊಂದಕ್ಕೂ ಅವರ ಭಾಷೆಯಲ್ಲಿ ಕೊಂತ್ರಾದಾ ಅನ್ನುತ್ತಾರೆ. ನಾನು ಕೇರಿ ಅಂತಲೇ ಬರೆಯುತ್ತೇನೆ, ಅದಕ್ಕಿಂತ ಹತ್ತಿರದ ಪದ ನಮ್ಮಲ್ಲಿಲ್ಲ. ಈ ಕೇರಿಗಳ ಗಡಿಯನ್ನು 1729ರಲ್ಲಿ ಬವೇರಿಯಾದ ವಿಯೊಲಾಂತೆ ಅನ್ನುವ ರಾಜಮನೆತನದ ಹೆಂಗಸು, ಆಗ ಆ ಊರಿನ ಗವರ್ನರ್, ಗೊತ್ತುಮಾಡಿದಳು. ಅದು ಇವತ್ತಿಗೂ ಬದಲಾಗಿಲ್ಲ. ಯಾವ ಮನೆ ಯಾವ ಕೇರಿಗೆ ಸೇರಿದ್ದು ಅನ್ನುವುದು ಮಕ್ಕಳಿಗೂ ಗೊತ್ತು.

ಹೆಸರುಗಳು ಕೇಳಲು ಚೆಂದ. ಓಕಾ ಅಂದರೆ ಹೆಬ್ಬಾತು, ಬ್ರೂಕೋ ಕಂಬಳಿಹುಳು, ಕಿಯೊಚ್ಚೊಲಾ ಬಸವನಹುಳು, ಚಿವೆತ್ತಾ ಗೂಬೆ, ಇಸ್ತ್ರಿಚೆ ಮುಳ್ಳುಹಂದಿ, ಲೂಪಾ ಹೆಣ್ಣು ತೋಳ, ತರ್ತೂಕಾ ಆಮೆ, ಓಂದಾ ಅಲೆ, ಸೆಲ್ವಾ ಕಾಡು. ಪ್ರತಿ ಕೇರಿಗೂ ತನ್ನದೇ ಚರ್ಚು, ತನ್ನದೇ ಬಾವುಟ, ತನ್ನದೇ ಮ್ಯೂಸಿಯಂ ಇದೆ. ತನ್ನದೇ ಸಣ್ಣ ನೀರಿನ ಕಾರಂಜಿಯೂ ಇದೆ, ಕೇರಿಗೆ ಹೊಸದಾಗಿ ಸೇರುವ ಮಗುವಿಗೆ ಅಲ್ಲೇ ನೀರು ಹಾಕಿ ಆ ಕೇರಿಯ ಬಣ್ಣದ ರುಮಾಲು ಕಟ್ಟುತ್ತಾರೆ. ನಡೆಯುತ್ತಾ ಹೋದಾಗ ಮನೆಗೋಡೆಯ ಮೂಲೆಯಲ್ಲಿ ಆಮೆಯ ಹಲಗೆ ಮುಗಿದು ಬಸವನಹುಳುವಿನ ಹಲಗೆ ಶುರುವಾದರೆ ನೀವು ಗಡಿ ದಾಟಿದ್ದೀರಿ ಅಂತ ಅರ್ಥ. ಈ ಎರಡು ಕೇರಿಗಳು ಅಕ್ಕಪಕ್ಕದವು, ಹಳೇ ಶತ್ರುಗಳು. ಹಾಗೇ ಮುಳ್ಳುಹಂದಿಗೂ ತೋಳಕ್ಕೂ, ಹದ್ದಿಗೂ ಚಿರತೆಗೂ, ಗೂಬೆಗೂ ಒಂಟಿಕೊಂಬಿನ ಕುದುರೆಗೂ ಆಗಿಬರುವುದಿಲ್ಲ.

ಇದನ್ನು ಯಾಕೆ ಇಷ್ಟು ಹೇಳಿದೆ ಅಂದರೆ, ಇಲ್ಲಿ ಗೆಲ್ಲುವುದು ಸವಾರ ಅಲ್ಲ, ಕುದುರೆಯ ಮಾಲೀಕನೂ ಅಲ್ಲ. ಗೆಲ್ಲುವುದು ಕೇರಿ. ದುಡ್ಡಿನ ಬಹುಮಾನ ಇಲ್ಲ. ಬಾಜಿ ಕಟ್ಟುವ ಕೌಂಟರೂ ಇಲ್ಲ. ಸಿಗುವುದು ಮಾತೆ ಮೇರಿಯ ಚಿತ್ರ ಬರೆದ ಒಂದು ರೇಷ್ಮೆ ಪಟ, ಪ್ರತಿ ಸಲವೂ ಬೇರೆ ಕಲಾವಿದರಿಂದ ಬರೆಸುತ್ತಾರೆ. ಊರಿನವರು ಪ್ರೀತಿಯಿಂದ ಅದನ್ನು ಚೆಂಚೋ, ಅಂದರೆ ಚಿಂದಿ ಬಟ್ಟೆ, ಅಂತ ಕರೆಯುತ್ತಾರೆ. ಆ ಬಟ್ಟೆಗಾಗಿ ಒಂದು ಕೇರಿ ಎಷ್ಟು ವರ್ಷ ಕಾಯಬಹುದು ಗೊತ್ತಾ? ಲೂಪಾ ಕೇರಿ 1989ರಲ್ಲಿ ಗೆದ್ದದ್ದು, ಆಮೇಲೆ 2016ರ ಜುಲೈವರೆಗೆ ಗೆದ್ದೇ ಇರಲಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲೂ ಅವರೇ ಗೆದ್ದರು. ಎಲ್ಲರಿಗಿಂತ ಹೆಚ್ಚು ಕಾಲದಿಂದ ಗೆಲ್ಲದ ಕೇರಿಗೆ ಊರಿನವರು 'ಅಜ್ಜಿ' ಅನ್ನುತ್ತಾರೆ. ಆ ಹೆಸರು ಹೊತ್ತುಕೊಳ್ಳಲು ಯಾರಿಗೂ ಇಷ್ಟವಿಲ್ಲ.

ಮೈದಾನ ಸಣ್ಣದು, ಹಾಗಾಗಿ ಒಂದು ಓಟಕ್ಕೆ ಹತ್ತೇ ಕೇರಿ. ಹಿಂದಿನ ವರ್ಷ ಅದೇ ತಿಂಗಳ ಓಟದಲ್ಲಿ ಇಲ್ಲದಿದ್ದ ಏಳು ಕೇರಿಗಳಿಗೆ ಹಕ್ಕಿನಿಂದ ಜಾಗ, ಉಳಿದ ಮೂರನ್ನು ಚೀಟಿ ಎತ್ತಿ ಆರಿಸುತ್ತಾರೆ. ಕೋಣೆ ಬುಕ್ ಮಾಡುವ ಮೊದಲು ಈ ವರ್ಷ ಯಾವ ಹತ್ತು ಕೇರಿ ಅಂತ ನೋಡಿಕೊಳ್ಳಿ. ಆ ಹತ್ತರಲ್ಲಿ ಒಂದರೊಳಗೆ ಕೋಣೆ ಸಿಕ್ಕರೆ ಅದೃಷ್ಟ.

ಹೋಗುವ ಸಿದ್ಧತೆ

ಬೆಂಗಳೂರಿನಿಂದ ಹೋಗುವವರಿಗೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಬೇಸಿಗೆಯಲ್ಲಿ ಎಲ್ಲರೂ ಯುರೋಪಿಗೆ ಹೊರಡುವುದರಿಂದ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಫೆಬ್ರವರಿ-ಮಾರ್ಚ್‌ನಲ್ಲೇ ಶುರುಮಾಡಿ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ವಿಮಾನ ರೋಮ್‌ಗೋ ಫ್ಲಾರೆನ್ಸ್‌ಗೋ ಪೀಸಾಗೋ ತಗೊಳ್ಳಿ. ಫ್ಲಾರೆನ್ಸ್‌ನಿಂದ ಸಿಯೇನಾಗೆ ವೇಗದ ಬಸ್ಸಿನಲ್ಲಿ ಒಂದೂಕಾಲು ಗಂಟೆ, ರೈಲಿನಲ್ಲಿ ಒಂದೂವರೆ ಗಂಟೆ. ನಾನಾದರೆ ಬಸ್ಸನ್ನೇ ಹಿಡಿಯುತ್ತೇನೆ. ಅದು ಹಳೇ ಊರಿನ ಪಕ್ಕದಲ್ಲೇ ಇಳಿಸುತ್ತದೆ. ರೈಲು ನಿಲ್ದಾಣ ಗುಡ್ಡದ ಕೆಳಗಿದೆ, ಅಲ್ಲಿಂದ ಉದ್ದುದ್ದ ಎಸ್ಕಲೇಟರ್ ಹತ್ತಿ ಮೇಲೆ ಬರಬೇಕು. ಬಾಡಿಗೆ ಕಾರು ಬೇಡವೇ ಬೇಡ. ಹಳೇ ಊರಿನೊಳಗೆ ಹೊರಗಿನ ಕಾರುಗಳಿಗೆ ಪ್ರವೇಶವಿಲ್ಲ, ಕ್ಯಾಮೆರಾ ಹಿಡಿದರೆ ದಂಡ ನಿಮ್ಮ ಮನೆ ವಿಳಾಸಕ್ಕೇ ಬರುತ್ತದೆ.

ಕೋಣೆಯನ್ನು ಓಟದ ದಿನದ ನಂತರ ಎರಡು ರಾತ್ರಿ ಹೆಚ್ಚಿಗೆ ಹಿಡಿಯಿರಿ. ಮಳೆ ಬಂದು ನೆಲ ಒದ್ದೆಯಾದರೆ ಓಟ ಮುಂದಕ್ಕೆ ಹೋಗುತ್ತದೆ. 2024ರ ಜುಲೈ ಓಟ ಮಳೆಯಿಂದಾಗಿ 4ನೇ ತಾರೀಖಿಗೆ ನಡೆಯಿತು. 3ರ ಬೆಳಿಗ್ಗೆಗೆ ಟಿಕೆಟ್ ಮಾಡಿಸಿದ್ದವರ ಗತಿ ಯೋಚಿಸಿ. ಓಟ ಇಲ್ಲ ಅನ್ನುವುದನ್ನು ಊರಿನ ಅರಮನೆಯಂಥ ಕಟ್ಟಡ ಪಲಾಝೋ ಪುಬ್ಲಿಕೋದ ಕಿಟಕಿಯಿಂದ ಹಸಿರು ಬಾವುಟ ಇಳಿಬಿಟ್ಟು ತಿಳಿಸುತ್ತಾರೆ. ಅದನ್ನು ಕಂಡರೆ ಜನ ಸುಮ್ನೆ ತಿರುಗಿ ಮನೆಗೆ ಹೋಗುತ್ತಾರೆ, ಗಲಾಟೆ ಇಲ್ಲ.

ಮೊದಲ ದಿನ: ಕುದುರೆ ಹಂಚಿಕೆ

ಜೂನ್ 29 ಅಥವಾ ಆಗಸ್ಟ್ 13ರ ಬೆಳಿಗ್ಗೆ ಕಾಂಪೋಗೆ ಹೋಗಿ. ಸೀಪಿಯ ಆಕಾರದ ಇಳಿಜಾರು ಮೈದಾನ, ಇಟ್ಟಿಗೆ ಹಾಸು. ಅದರ ಅಂಚಿನ ಕಲ್ಲುಹಾದಿಯ ಮೇಲೆ ಆ ಹೊತ್ತಿಗಾಗಲೇ ಹಳದಿ ಮಣ್ಣು ಹಾಸಿ ಗಟ್ಟಿ ಮಾಡಿರುತ್ತಾರೆ. ಸಿಯೇನಾದವರಿಗೆ ಹಬ್ಬ ಶುರುವಾಗುವುದೇ ಆ ಮಣ್ಣು ಬಿದ್ದಾಗ. ಮುದುಕರು ಬಗ್ಗಿ ಮಣ್ಣು ಮುಟ್ಟಿ ನೋಡುವುದನ್ನು ನಾನು ಕಂಡಿದ್ದೇನೆ, ಮಳೆಗಾಲದ ಮೊದಲು ನಮ್ಮ ರೈತರು ಹೊಲದ ಮಣ್ಣು ಹಿಡಿದು ನೋಡುತ್ತಾರಲ್ಲ, ಅದೇ ಥರ.

ಅಲ್ಲಿ ಕೇರಿಯವರು ತಮ್ಮ ಕುದುರೆಯನ್ನು ತಾವೇ ಆರಿಸುವಂತಿಲ್ಲ. ಓಡಿಸಿ ನೋಡಿದ ಕುದುರೆಗಳಲ್ಲಿ ಹತ್ತನ್ನು ಕೇರಿಗಳ ಕಪ್ತಾನರು ಸೇರಿ ಆರಿಸುತ್ತಾರೆ. ಆಮೇಲೆ ಎಲ್ಲರ ಮುಂದೆ ಚೀಟಿ ಎತ್ತಿ, ಯಾವ ಕುದುರೆ ಯಾವ ಕೇರಿಗೆ ಅಂತ ಹಂಚುತ್ತಾರೆ. ಓಟಕ್ಕಿಂತ ಈ ಗಳಿಗೆ ನನಗೆ ಜಾಸ್ತಿ ಇಷ್ಟ. ಹೆಸರು ಕೂಗಿದ ಕ್ಷಣ ಒಂದು ಕಡೆಯಿಂದ ಕೇಕೆ, ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಾರೆ. ಇನ್ನೊಂದು ಕಡೆ ಪೂರ್ತಿ ಮೌನ, ತಲೆ ಮೇಲೆ ಕೈ. ಯಾರಿಗೆ ಒಳ್ಳೆ ಕುದುರೆ ಬಂತು ಅಂತ ನಿಮಗೆ ಯಾರೂ ಹೇಳಬೇಕಾಗಿಲ್ಲ. ಸಿಕ್ಕ ಕುದುರೆಯನ್ನು ಬದಲಾಯಿಸುವ ಹಾಗಿಲ್ಲ. ಅದಕ್ಕೆ ಪೆಟ್ಟಾದರೆ ಆ ಕೇರಿಗೆ ಆ ಸಲದ ಓಟವೇ ಇಲ್ಲ. ಸವಾರನನ್ನು ಮಾತ್ರ ಓಟದ ದಿನ ಬೆಳಿಗ್ಗೆವರೆಗೂ ಬದಲಾಯಿಸಬಹುದು.

ಹಂಚಿಕೆ ಮುಗಿದ ಕೂಡಲೇ ಜನ ತಮ್ಮ ಕುದುರೆಯ ಜೊತೆ ಹಾಡುತ್ತಾ ಕೇರಿಗೆ ನಡೆಯುತ್ತಾರೆ. ನೀವೂ ಹಿಂದೆ ಹೋಗಿ. ಇದೇ ನಿಮ್ಮ ಕೇರಿ ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದಿನ ನಾಲ್ಕು ದಿನ ಅದನ್ನು ಬಿಡಬೇಡಿ. ನಾನು ಹಿಡಿದದ್ದು ಸೆಲ್ವಾ, ನನ್ನ ಕೋಣೆ ಕ್ಯಾಥೆಡ್ರಲ್ ಹಿಂದಿನ ಇಳಿಜಾರಿನಲ್ಲಿ ಅದೇ ಕೇರಿಯೊಳಗಿತ್ತು. ಕೇರಿಯ ಲಾಯದಲ್ಲಿ ಕುದುರೆಗೆ ಒಬ್ಬ ಕಾವಲುಗಾರ ಇರುತ್ತಾನೆ, ಬಾರ್ಬರೆಸ್ಕೋ ಅನ್ನುತ್ತಾರೆ. ಓಟದ ದಿನದವರೆಗೆ ಪ್ರತಿ ರಾತ್ರಿ ಅವನು ಅದರ ಪಕ್ಕದಲ್ಲೇ ಮಲಗುತ್ತಾನೆ. ಲಾಯದ ಹತ್ತಿರ ಹೋದಾಗ ಗಲಾಟೆ ಮಾಡಬೇಡಿ. ಫ್ಲಾಶ್ ಹಾಕಿ ಫೋಟೋ ತೆಗೆಯಬೇಡಿ, ಕುದುರೆ ಮುಟ್ಟಲು ಕೈ ಚಾಚಬೇಡಿ. ಆ ಬೀದಿಯಲ್ಲಿ ಅಜ್ಜಿಯರು ಕೂಡ ಪಿಸುಮಾತಿನಲ್ಲಿ ಮಾತಾಡುತ್ತಾರೆ, ಕುದುರೆ ನಿದ್ದೆ ಮಾಡಲಿ ಅಂತ.

ಪ್ರೋವಾಗಳು ಮತ್ತು ಬೀದಿಯ ಊಟ

ಓಟಕ್ಕೆ ಮೊದಲು ಆರು ತಾಲೀಮು ಓಟ ನಡೆಯುತ್ತವೆ, ಪ್ರೋವಾ ಅಂತ ಹೆಸರು. ಮೊದಲ ದಿನ ಸಂಜೆ ಒಂದು, ಮುಂದಿನ ಎರಡು ದಿನ ಬೆಳಿಗ್ಗೆ ಸಂಜೆ ಒಂದೊಂದು, ಓಟದ ದಿನ ಬೆಳಿಗ್ಗೆ ಕೊನೆಯದು. ಮೈದಾನದ ನಡುವೆ ನಿಂತು ನೋಡಲು ಕಾಸು ಕೊಡಬೇಕಾಗಿಲ್ಲ. ಜನ ಕಡಿಮೆ, ಬೇಲಿಯ ಪಕ್ಕದಲ್ಲೇ ನಿಲ್ಲಬಹುದು. ಮಕ್ಕಳನ್ನು ಕರೆದುಕೊಂಡು ಹೋದವರು ಬೆಳಗಿನ ಪ್ರೋವಾವನ್ನೇ ನೋಡಿಸಿ. ಮುಖ್ಯ ಓಟದ ದಿನ ಚಿಕ್ಕ ಮಕ್ಕಳನ್ನು ಆ ನಡುಮೈದಾನಕ್ಕೆ ಕರೆದೊಯ್ಯಲೇಬೇಡಿ, ಪುರಸಭೆ ಆ ವರ್ಷ ಹೊರಡಿಸಿದ ನಿಯಮ ಏನಿದೆ ಅಂತಲೂ ಓದಿಕೊಳ್ಳಿ. ಪ್ರೋವಾ ಹೊತ್ತಿಗೆ ಕೇರಿಯ ಮಕ್ಕಳು ಪಲಾಝೋ ಮುಂದಿನ ಮೆಟ್ಟಿಲು ಸೀಟುಗಳಲ್ಲಿ ಗುಂಪಾಗಿ ಕೂತು, ಎದುರು ಕೇರಿಯನ್ನು ಚುಚ್ಚುವ ಹಾಡು ಹಾಡುತ್ತಾರೆ. ಐದು ವರ್ಷದ ಮಗುವಿಗೂ ಎಲ್ಲ ಸಾಲು ಬಾಯಿಪಾಠ.

ಸವಾರರನ್ನು ಗಮನಿಸಿ ನೋಡಿ. ಜೀನು ಇಲ್ಲ, ಬರೀ ಬೆನ್ನಿನ ಮೇಲೆ ಕೂತು ಓಡಿಸುತ್ತಾರೆ. ಅವರು ಸಿಯೇನಾದವರೇ ಆಗಬೇಕಿಲ್ಲ, ಬಹಳ ಜನ ಸಾರ್ಡೀನಿಯಾ ದ್ವೀಪದವರು, ಕೂಲಿಗೆ ಬಂದವರು. ಎಲ್ಲರಿಗೂ ಅಡ್ಡಹೆಸರು. 'ಅಚೇತೋ', ಅಂದರೆ ವಿನಿಗರ್, ಅನ್ನುವ ಹೆಸರಿನ ಆಂದ್ರೇಯಾ ದೆಗೋರ್ತೆಸ್ 14 ಪಾಲಿಯೋ ಗೆದ್ದವನು. ಕೇರಿಗಳು ಒಳಗೊಳಗೆ ಒಪ್ಪಂದ ಮಾಡಿಕೊಳ್ಳುತ್ತವೆ. ನಾವು ಗೆಲ್ಲದಿದ್ದರೂ ಪರವಾಗಿಲ್ಲ, ಶತ್ರು ಗೆಲ್ಲಬಾರದು ಅಂತ ಎದುರು ಸವಾರನಿಗೆ ದುಡ್ಡು ಕೊಡುವುದೂ ಉಂಟು. ಅದು ಅಲ್ಲಿ ಕದ್ದುಮುಚ್ಚಿ ಮಾಡುವ ಮೋಸ ಅಲ್ಲ, ಆಟದ ಭಾಗ. ನಮ್ಮ ಕಣ್ಣಿಗೆ ವಿಚಿತ್ರ ಅನಿಸುತ್ತದೆ, ಅಲ್ವಾ? ನನಗೂ ಅನಿಸಿತ್ತು. ಆದರೆ ಮುನ್ನೂರು ವರ್ಷದಿಂದ ಅಕ್ಕಪಕ್ಕದ ಬೀದಿಯಲ್ಲಿ ಬಾಳುತ್ತಿರುವವರ ಲೆಕ್ಕಾಚಾರ ಅದು, ಹೊರಗಿನ ನಾವು ತೀರ್ಪು ಕೊಡುವ ಮೊದಲು ಸ್ವಲ್ಪ ಕೇಳಿಸಿಕೊಳ್ಳಬೇಕು.

ಓಟದ ಹಿಂದಿನ ರಾತ್ರಿಯ ಊಟವನ್ನು ಮಾತ್ರ ತಪ್ಪಿಸಬೇಡಿ. ಓಡುವ ಒಂದೊಂದು ಕೇರಿಯೂ ತನ್ನ ಬೀದಿಯಲ್ಲೇ ಉದ್ದಕ್ಕೆ ಮೇಜು ಹಾಕಿ ಊಟಕ್ಕೆ ಕೂರಿಸುತ್ತದೆ. ನೂರಾರು ಜನ, ದೊಡ್ಡ ಕೇರಿಯಾದರೆ ಸಾವಿರ ದಾಟುತ್ತದೆ. ಬಡಿಸುವವರು ಆ ಕೇರಿಯ ಹುಡುಗ ಹುಡುಗಿಯರೇ. ಸವಾರ, ಕಪ್ತಾನ ಎದ್ದುನಿಂತು ನಾಲ್ಕು ಮಾತಾಡುತ್ತಾರೆ, ಆಮೇಲೆ ಮಧ್ಯರಾತ್ರಿವರೆಗೂ ಹಾಡು. ಹೊರಗಿನವರಿಗೂ ಟಿಕೆಟ್ ಸಿಗುತ್ತದೆ. ಕೇರಿಯ ವೆಬ್‌ಸೈಟ್‌ನಲ್ಲಿ ಕೆಲವು ವಾರ ಮೊದಲೇ ವಿಚಾರಿಸಿ, ಇಲ್ಲವೇ ಮೊದಲ ದಿನವೇ ಕೇರಿಯ ಕ್ಲಬ್ಬಿಗೆ ಹೋಗಿ ಕೇಳಿ. ಸಸ್ಯಾಹಾರಿಗಳಾದರೆ ಆಗಲೇ ಹೇಳಿಬಿಡಿ, ಊಟದ ಹೊತ್ತಿಗೆ ಹೇಳಿದರೆ ಅವರಿಗೂ ಕಷ್ಟ. ನನಗೆ ಟೊಮೆಟೊ ಬ್ರೆಡ್ಡಿನ ಗಟ್ಟಿ ಗಂಜಿಯಂಥದ್ದು ತಂದುಕೊಟ್ಟರು, ಪಪ್ಪಾ ಅಲ್ ಪೊಮೊದೋರೋ ಅಂತ ಹೆಸರು, ಎರಡು ಸಲ ಹಾಕಿಸಿಕೊಂಡೆ. ಊರಿನ ಹೋಟೆಲುಗಳಲ್ಲಿ ಪೀಚಿ ಅನ್ನುವ ದಪ್ಪ ಶಾವಿಗೆಯನ್ನು ಬೆಳ್ಳುಳ್ಳಿ ಟೊಮೆಟೊ ಸಾರಿನಲ್ಲಿ ಕೊಡುತ್ತಾರೆ, ಅದರಲ್ಲೂ ಮಾಂಸ ಇಲ್ಲ. ಮನೆಗೆ ತರಲು ಪಾನ್‌ಫೋರ್ತೆ ಒಳ್ಳೆಯದು. ಬಾದಾಮಿ, ಒಣಹಣ್ಣು, ಮಸಾಲೆ ಹಾಕಿದ ಗಟ್ಟಿ ಸಿಹಿ. ವಾರಗಟ್ಟಲೆ ಕೆಡುವುದಿಲ್ಲ.

ಒಂದು ಎಚ್ಚರಿಕೆ. ಅಂಗಡಿಯಲ್ಲಿ ಸಿಗುವ ಕೇರಿ ರುಮಾಲು ಕೊಂಡು ಕತ್ತಿಗೆ ಕಟ್ಟಿಕೊಂಡು ಊರೆಲ್ಲ ತಿರುಗಬೇಡಿ. ಅವರಿಗೆ ಅದು ಜನ್ಮದಿಂದ ಬಂದ ಗುರುತು. ಹೆಬ್ಬಾತಿನ ರುಮಾಲು ಕಟ್ಟಿಕೊಂಡು ಅದರ ಶತ್ರುವಾದ ತೋರ್ರೆ ಕೇರಿಗೆ ಹೋದರೆ ಯಾರೂ ನಗುವುದಿಲ್ಲ. ಕೊಂಡರೆ ಚೀಲದಲ್ಲಿಡಿ. ಹಾಗೇ ಯಾರನ್ನೂ 'ಯಾರು ಗೆಲ್ಲುತ್ತಾರೆ' ಅಂತ ಕೇಳಬೇಡಿ. 'ನಿಮ್ಮ ಕುದುರೆ ಹೇಗಿದೆ' ಅಂತ ಕೇಳಿ, ಬೇಕಾದಷ್ಟು ಮಾತಾಡುತ್ತಾರೆ.

ಓಟದ ದಿನ

ಬೆಳಿಗ್ಗೆ ಕಾಂಪೋದ ಸಣ್ಣ ಪ್ರಾರ್ಥನಾ ಮಂಟಪದ ಹತ್ತಿರ ಸವಾರರಿಗಾಗಿ ಪೂಜೆ ನಡೆಯುತ್ತದೆ, ನಂತರ ಕೊನೆಯ ಪ್ರೋವಾ. ಅದನ್ನು ಯಾರೂ ಜೋರಾಗಿ ಓಡಿಸುವುದಿಲ್ಲ, ಬಿಟ್ಟರೂ ನಷ್ಟವಿಲ್ಲ. ಮಧ್ಯಾಹ್ನ ಊಟ ಬೇಗ ಮುಗಿಸಿ ಮೂರು ಗಂಟೆಗೆ ನಿಮ್ಮ ಕೇರಿಯ ಚರ್ಚಿನ ಮುಂದೆ ಇರಿ. ಕುದುರೆಯನ್ನು ಚರ್ಚಿನೊಳಗೇ, ಬಲಿಪೀಠದ ಮುಂದಕ್ಕೆ ತರುತ್ತಾರೆ. ಪಾದ್ರಿ ಕುದುರೆಗೂ ಸವಾರನಿಗೂ ಆಶೀರ್ವಾದ ಮಾಡಿ, 'ಹೋಗು, ಗೆದ್ದು ಬಾ' ಅನ್ನುತ್ತಾರೆ. ಅಲ್ಲಿವರೆಗೂ ಉಸಿರಿನ ಸದ್ದೂ ಇಲ್ಲ. ಆ ಮಾತು ಮುಗಿದದ್ದೇ ತಡ, ಕೂಗು. ಕುದುರೆ ಚರ್ಚಿನೊಳಗೆ ಲದ್ದಿ ಹಾಕಿದರೆ ಒಳ್ಳೆ ಶಕುನ ಅಂತ ನಂಬುತ್ತಾರೆ. ಒಳಗೆ ಜಾಗ ಕಡಿಮೆ, ಅದು ಕೇರಿಯವರದ್ದು. ನಾನು ಬಾಗಿಲ ಹೊರಗೇ ನಿಂತಿದ್ದೆ. ಕಲ್ಲಿನ ಮೇಲೆ ಗೊರಸಿನ ಸದ್ದು ಟಕ್ ಟಕ್ ಅಂತ ಒಳಗೆ ಹೋದದ್ದು ಮಾತ್ರ ಕೇಳಿಸಿತು. ಪಕ್ಕದಲ್ಲಿದ್ದ ಅಜ್ಜಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು, ನನ್ನ ಗುರುತು ಅವರಿಗಿರಲಿಲ್ಲ.

ಇನ್ನು ಎಲ್ಲಿ ನಿಲ್ಲುವುದು. ಮೈದಾನದ ಸುತ್ತ ಮೆಟ್ಟಿಲು ಸೀಟುಗಳು, ಬಾಲ್ಕನಿ, ಕಿಟಕಿಗಳು ದುಡ್ಡಿಗೆ ಸಿಗುತ್ತವೆ, ನೂರಾರು ಯೂರೋ ಆಗುತ್ತದೆ, ತಿಂಗಳುಗಟ್ಟಲೆ ಮೊದಲೇ ಹಿಡಿಯಬೇಕು. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಆ ಖರ್ಚು ಮಾಡಿ, ಇಲ್ಲದಿದ್ದರೆ ನಡುಮೈದಾನವೇ ಸರಿ. ಅಲ್ಲಿ ಟಿಕೆಟ್ ಇಲ್ಲ. ಮಧ್ಯಾಹ್ನ ಮೂರೂವರೆ ನಾಲ್ಕರ ಹೊತ್ತಿಗೆ ಒಳಗೆ ಸೇರಿಕೊಳ್ಳಿ. ಉಳಿದ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಾ ಬರುತ್ತವೆ, ಕೊನೆಗೆ ಓಂದಾ ಕೇರಿಯ ದುಪ್ರೆ ಬೀದಿಯ ಕಡೆಯಿಂದ ಮಾತ್ರ ಬಿಡುತ್ತಾರೆ, ಆಮೇಲೆ ಅದೂ ಇಲ್ಲ. ಒಮ್ಮೆ ಮುಚ್ಚಿದರೆ ಓಟ ಮುಗಿಯುವವರೆಗೆ ಹೊರಗೆ ಬರಲಾಗದು. ನಡುವೆ ಶೌಚಾಲಯವೂ ಇರುವುದಿಲ್ಲ. ಆದ್ದರಿಂದ ಬೆಳಿಗ್ಗೆಯಿಂದ ಚೆನ್ನಾಗಿ ನೀರು ಕುಡಿಯಿರಿ, ಒಳಗೆ ಹೋಗುವ ಮೊದಲು ಹೋಟೆಲ್‌ನಲ್ಲಿ ಒಮ್ಮೆ ಹೋಗಿಬನ್ನಿ, ಒಳಗೆ ಗುಟುಕು ಗುಟುಕಾಗಿ ಕುಡಿಯಿರಿ. ಪ್ಲಾಸ್ಟಿಕ್ ಬಾಟಲಿ ಇರಲಿ, ಗಾಜಿನದು ಬೇಡ. ಟೋಪಿ, ಹತ್ತಿ ಬಟ್ಟೆ, ಗಟ್ಟಿ ಶೂ. ಕೊಡೆ ಬಿಚ್ಚಿದರೆ ಹಿಂದಿನವರು ಬಿಡುವುದಿಲ್ಲ. ಬೆನ್ನಚೀಲವನ್ನು ಕೋಣೆಯಲ್ಲೇ ಬಿಡಿ.

ಜಾಗದ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಮೈದಾನ ಪಲಾಝೋ ಕಡೆಗೆ ಇಳಿಜಾರು. ತಗ್ಗಿನಲ್ಲಿ ನಿಂತರೆ ಮುಂದಿನವರ ತಲೆ ಬಿಟ್ಟು ಏನೂ ಕಾಣದು. ಫೊಂತೆ ಗಾಯಾ ಕಾರಂಜಿ ಇರುವ ಮೇಲಿನ ಬದಿಯಲ್ಲಿ, ಬೇಲಿಗೆ ಅಂಟಿಕೊಂಡೋ ಅದರ ಹಿಂದೆ ಎರಡನೇ ಸಾಲಿನಲ್ಲೋ ನಿಂತರೆ ಇಡೀ ಮೈದಾನ ಕಣ್ಣಳತೆಗೆ ಬರುತ್ತದೆ. ಓಟ ಶುರುವಾಗುವ ಜಾಗಕ್ಕೆ ಮೊಸ್ಸಾ ಅನ್ನುತ್ತಾರೆ, ಅದು ಪಲಾಝೋಗೆ ಮುಖ ಮಾಡಿ ನಿಂತರೆ ನಿಮ್ಮ ಬಲಗಡೆ. ಇಳಿಹೊತ್ತಿನ ನೆರಳು ಮೊದಲು ಬೀಳುವುದೂ ಆ ಬದಿಗೇ. ಎಡಗಡೆ ಕೆಳಗೆ ಇರುವುದು ಸಾನ್ ಮಾರ್ತಿನೋ ತಿರುವು. ಇಳಿಜಾರಿನಲ್ಲಿ ಜೋರಾಗಿ ಬರುವ ಕುದುರೆಗಳು ಒಮ್ಮೆಲೇ ಬಲಕ್ಕೆ ತಿರುಗಬೇಕು, ಅಲ್ಲೇ ಬೀಳುವುದು ಜಾಸ್ತಿ. ಅದಕ್ಕೇ ಗೋಡೆಗೆ ಹಾಸಿಗೆಗಳನ್ನು ಕಟ್ಟಿರುತ್ತಾರೆ.

ಈ ಮಾತು ಬಂದಾಗ ಇನ್ನೊಂದು ಹೇಳಬೇಕು. ಈ ಓಟದಲ್ಲಿ ಕುದುರೆಗಳು ಸತ್ತಿವೆ. ಪ್ರಾಣಿದಯಾ ಸಂಘಗಳು ಬಹಳ ವರ್ಷದಿಂದ ವಿರೋಧಿಸುತ್ತಿವೆ. ಈಗ ಪಶುವೈದ್ಯರ ತಪಾಸಣೆ ಇದೆ, ಅಪ್ಪಟ ಥರೋಬ್ರೆಡ್ ಬಿಟ್ಟು ಸ್ವಲ್ಪ ಗಟ್ಟಿ ಕಾಲಿನ ಮಿಶ್ರತಳಿಯ ಕುದುರೆಗಳನ್ನೇ ಓಡಿಸುತ್ತಾರೆ. ಆದರೂ ಅಪಾಯ ಹೋಗಿಲ್ಲ. ಕೇರಿಯವರು ತಮ್ಮ ಕುದುರೆಯನ್ನು ನೋಡಿಕೊಳ್ಳುವ ಪ್ರೀತಿ ನಿಜ, ಆ ತಿರುವಿನ ಅಪಾಯವೂ ನಿಜ, ನನಗೆ ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ನೋಡಬೇಕಾಯಿತು. ಕುದುರೆ ಬೀಳುವುದನ್ನು ನೋಡಲಾಗದು ಅನ್ನುವವರು ಹಂಚಿಕೆ, ಊಟ, ಆಶೀರ್ವಾದ, ಮೆರವಣಿಗೆ ನೋಡಿ, ಓಟದ ಹೊತ್ತಿಗೆ ಕೇರಿಯ ಬೀದಿಯಲ್ಲೇ ಉಳಿಯಿರಿ. ಅದರಲ್ಲಿ ತಪ್ಪೇನಿಲ್ಲ.

ಸಂಜೆ ಐದರ ಸುಮಾರಿಗೆ ಕತ್ತಿ ಹಿರಿದ ಪೊಲೀಸ್ ಸವಾರರು ನಾಗಾಲೋಟದಲ್ಲಿ ಒಂದು ಸುತ್ತು ಬರುತ್ತಾರೆ. ಆಮೇಲೆ ಮೆರವಣಿಗೆ. ಸಿಯೇನಾ 1555ರವರೆಗೆ ಸ್ವತಂತ್ರ ಗಣರಾಜ್ಯವಾಗಿತ್ತು, ಆ ಕಾಲದ ವೇಷ ತೊಟ್ಟ 600ಕ್ಕೂ ಹೆಚ್ಚು ಜನ ನಡೆದುಬರುತ್ತಾರೆ. ತಮಟೆ, ಕಹಳೆ, ಗಾಳಿಗೆ ಎಸೆದು ಹಿಡಿಯುವ ಬಾವುಟಗಳು. ಮಾಂಜಾ ಗೋಪುರದ ದೊಡ್ಡ ಗಂಟೆ ಇಡೀ ಹೊತ್ತು ಹೊಡೆಯುತ್ತಲೇ ಇರುತ್ತದೆ. ಮುಖ ಮುಚ್ಚಿದ ಶಿರಸ್ತ್ರಾಣದ ಆರು ಕುದುರೆ ಸವಾರರು ಬಂದರೆ ಅವರು ಈಗ ಇಲ್ಲದ ಆರು ಕೇರಿಗಳ ನೆನಪಿಗೆ. ಕೊನೆಯಲ್ಲಿ ನಾಲ್ಕು ಬಿಳಿ ಎತ್ತು ಎಳೆಯುವ ಬಂಡಿಯಲ್ಲಿ ಆ ರೇಷ್ಮೆ ಪಟ ಬರುತ್ತದೆ. ಅದು ಎದುರು ಹಾದಾಗ ಸಾವಿರಾರು ಜನ ರುಮಾಲು ಮೇಲೆತ್ತಿ ಬೀಸುತ್ತಾರೆ. ಇಷ್ಟಕ್ಕೆ ಎರಡು ಗಂಟೆ ಆಗುತ್ತದೆ, ಬಿಸಿಲು, ನೂಕು, ಕಾಲು ಸೋಲುತ್ತದೆ. ತಾಳಿಕೊಳ್ಳಿ.

ಓಟ ಜುಲೈನಲ್ಲಿ ಏಳೂವರೆ, ಆಗಸ್ಟ್‌ನಲ್ಲಿ ಏಳರ ಹೊತ್ತಿಗೆ. ಕುದುರೆಗಳು ಪಲಾಝೋ ಒಳಗಿನ ಅಂಗಳದಿಂದ ಹೊರಬಂದ ಮೇಲೆ ಯಾರು ಎಲ್ಲಿ ನಿಲ್ಲಬೇಕು ಅನ್ನುವ ಚೀಟಿ ಮೊಸ್ಸಾದ ಅಧಿಕಾರಿಯ ಕೈಗೆ ಬರುತ್ತದೆ. ಅವರು ಕೇರಿಯ ಹೆಸರುಗಳನ್ನು ಓದುವಾಗ ಇಡೀ ಮೈದಾನ ಮೌನ. ನೀವೂ ಬಾಯಿ ಬಿಡಬೇಡಿ. ಒಂಬತ್ತು ಕುದುರೆ ಎರಡು ಹಗ್ಗಗಳ ನಡುವೆ ಸಾಲಾಗಿ ನಿಲ್ಲಬೇಕು, ಹತ್ತನೆಯದು ಹಿಂದೆ ದೂರದಲ್ಲಿ. ಆ ಹತ್ತನೆಯ ಸವಾರ ಯಾವಾಗ ನುಗ್ಗುತ್ತಾನೋ ಆಗ ಮುಂದಿನ ಹಗ್ಗ ಬೀಳುತ್ತದೆ, ಓಟ ಶುರು. ಅವನು ತನ್ನ ಗೆಳೆಯನಿಗೆ ಒಳ್ಳೆ ಜಾಗ, ಶತ್ರುವಿಗೆ ಕೆಟ್ಟ ಜಾಗ ಆಗುವವರೆಗೆ ಕಾಯುತ್ತಾನೆ. ಸವಾರರ ನಡುವೆ ಪಿಸುಮಾತಿನ ಚೌಕಾಸಿ ಅಲ್ಲೂ ನಡೆದಿರುತ್ತದೆ. ಕುದುರೆಗಳು ತಿರುಗುತ್ತವೆ, ಒದೆಯುತ್ತವೆ, ಸಾಲು ಕೆಡುತ್ತದೆ, ಅಧಿಕಾರಿ ಎಲ್ಲರನ್ನೂ ಹೊರಗೆ ಕಳಿಸಿ ಮತ್ತೆ ಕರೆಯುತ್ತಾರೆ. ಹತ್ತು ನಿಮಿಷ ಆಗಬಹುದು, ಒಂದು ಗಂಟೆಯೂ ಆಗಬಹುದು. ಢಂ ಅಂತ ಸಿಡಿಮದ್ದು ಹೊಡೆದರೆ ಶುರು ತಪ್ಪಿದೆ, ಮತ್ತೆ ಮೊದಲಿನಿಂದ ಅಂತ ಲೆಕ್ಕ.

ಹಗ್ಗ ಬಿದ್ದ ಮೇಲೆ ಫೋನ್ ಜೇಬಿನಲ್ಲಿಡಿ. ಮೂರು ಸುತ್ತು, ಅಷ್ಟೇ. ಸವಾರರ ಕೈಯಲ್ಲಿ ಚಾಟಿ ಇರುತ್ತದೆ, ಅದರಲ್ಲಿ ತಮ್ಮ ಕುದುರೆಗೂ ಹೊಡೆಯುತ್ತಾರೆ, ಪಕ್ಕದ ಸವಾರನಿಗೂ ಹೊಡೆಯುತ್ತಾರೆ. ಸವಾರ ಬಿದ್ದರೂ ಕುದುರೆ ಒಂದೇ ಓಡಿ ಗೆದ್ದರೆ ಅದು ಗೆಲುವೇ. 2019ರ ಆಗಸ್ಟ್‌ನಲ್ಲಿ ಸೆಲ್ವಾ ಗೆದ್ದದ್ದು ಹಾಗೆ, ರೆಮೊರೆಕ್ಸ್ ಅನ್ನುವ ಕುದುರೆ ಬೆನ್ನ ಮೇಲೆ ಯಾರೂ ಇಲ್ಲದೆ ಮೊದಲು ಬಂತು. ಆ ಕೇರಿಯ ಜನ ಅದರ ಹೆಸರನ್ನು ಮನೆಮಗನ ಹೆಸರು ಹೇಳಿದ ಹಾಗೆ ಹೇಳುತ್ತಾರೆ.

ಓಟ ಮುಗಿದ ಮೇಲೆ

ತಕ್ಷಣ ಬೇಲಿ ಹಾರಬೇಡಿ. ಕುದುರೆಗಳು ಇನ್ನೂ ನಿಂತಿರುವುದಿಲ್ಲ. ಗೆದ್ದವರು, ಸೋತವರು, ಶತ್ರು ಗೆದ್ದದ್ದರಿಂದ ಸಿಟ್ಟಾದವರು ಎಲ್ಲರೂ ಒಮ್ಮೆಲೇ ಮಣ್ಣಿಗೆ ಇಳಿಯುತ್ತಾರೆ. ಕೈಕೈ ಮಿಲಾಯಿಸುವುದೂ ಇದೆ. ಅದು ಅವರವರ ನಡುವಿನದ್ದು, ಹೊರಗಿನವರನ್ನು ಯಾರೂ ಮುಟ್ಟುವುದಿಲ್ಲ, ಆದರೆ ನಡುವೆ ಸಿಕ್ಕಿಕೊಳ್ಳಬೇಡಿ. ಹತ್ತು ನಿಮಿಷ ಇದ್ದಲ್ಲೇ ಇರಿ. ಗೆದ್ದ ಕೇರಿಯವರು ಪಟವನ್ನು ಇಳಿಸಿಕೊಂಡು ಚರ್ಚಿಗೆ ಓಡುತ್ತಾರೆ, ಜುಲೈನಲ್ಲಿ ಪ್ರೊವೆಂಜಾನೋಗೆ, ಆಗಸ್ಟ್‌ನಲ್ಲಿ ದೊಡ್ಡ ಕ್ಯಾಥೆಡ್ರಲ್‌ಗೆ. ಅವರ ಹಿಂದೆ ಹೋಗಿ. ಬಾಗಿಲು ತೆರೆದೇ ಇರುತ್ತದೆ. ಒಳಗೆ ಹಾಡು, ಅಳು, ತಮಟೆ ಎಲ್ಲ ಒಟ್ಟಿಗೆ. ಬಾಯಲ್ಲಿ ಮಕ್ಕಳು ಚೀಪುವ ನಿಪ್ಪಲ್ ಇಟ್ಟುಕೊಂಡ ದೊಡ್ಡವರು ಕಂಡರೆ ಆಶ್ಚರ್ಯಪಡಬೇಡಿ, ಗೆದ್ದ ಕೇರಿ ಆವತ್ತು ಮತ್ತೆ ಹುಟ್ಟಿದ ಹಾಗೆ ಅಂತ ಅದರ ಅರ್ಥ.

ನೀವು ಹಿಡಿದ ಕೇರಿ ಸೋತಿದ್ದರೆ ಚರ್ಚು ನೋಡಿಕೊಂಡು ನಿಮ್ಮ ಕೇರಿಗೇ ವಾಪಸ್ ಬನ್ನಿ. ನಾನು ಬಂದಾಗ ಸೆಲ್ವಾದ ಬೀದಿ ದೀಪ ಹಚ್ಚಿತ್ತು, ಜನ ಮೆಟ್ಟಿಲ ಮೇಲೆ ಸುಮ್ನೆ ಕೂತಿದ್ದರು. ಬಾರ್ಬರೆಸ್ಕೋ ಕುದುರೆಯ ಕಾಲಿಗೆ ನೀರು ಬಿಡುತ್ತಿದ್ದ, ಅದು ತಲೆ ತಗ್ಗಿಸಿ ನಿಂತಿತ್ತು. ಚರ್ಚಿನ ಬಾಗಿಲಲ್ಲಿ ನನ್ನ ಕೈ ಹಿಡಿದಿದ್ದ ಅಜ್ಜಿ ಬಂದು ಜಾಗ ಮಾಡಿಕೊಟ್ಟರು, ಒಂದು ಲೋಟ ವೈನ್ ಕೊಟ್ಟರು. ಪಕ್ಕದ ಹುಡುಗನಿಗೆ ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ಅಜ್ಜಿ ಏನು ಹೇಳಿದರು ಅಂತ ಕೇಳಿದೆ. 'ಆಗಸ್ಟ್‌ಗೂ ಬರುತ್ತೀಯಾ ಅಂತ ಕೇಳುತ್ತಿದ್ದಾರೆ' ಅಂದ.

ಗೆದ್ದ ಕೇರಿ ಹಿಡಿದಿದ್ದರೆ ಇನ್ನೊಂದು ಪ್ರಯಾಣಕ್ಕೆ ದುಡ್ಡು ಕೂಡಿಡಿ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹೊತ್ತಿಗೆ ಗೆಲುವಿನ ಊಟ ಹಾಕುತ್ತಾರೆ, ಟಿಕೆಟ್ ಅದೇ ಕ್ಲಬ್ಬಿನಲ್ಲಿ ಕೇಳಬೇಕು. ಆವತ್ತು ಬೀದಿಯ ತಲೆಯ ಮುಖ್ಯ ಜಾಗದಲ್ಲಿ ಕುದುರೆಯನ್ನು ನಿಲ್ಲಿಸಿ, ಅದರ ಮುಂದೆ ಅದರದೇ ಮೇವಿನ ತೊಟ್ಟಿ ಇಟ್ಟಿರುತ್ತಾರೆ.